ಹಾಸನದ ಎರಡು ಕರಾಟೆ ಕ್ಲಾಸು: ಟೆರೇಸೋ, ಮ್ಯಾಟೋ?

ಹಾಸನದಲ್ಲಿ ಕರಾಟೆ ಕ್ಲಾಸಿಗೇನೂ ಬರವಿಲ್ಲ. ನಾನು ಎರಡು ಕಡೆ ಸೇರಿ ನೋಡಿದೆ. ಒಂದು, ಸಾಲಗಾಮೆ ರಸ್ತೆ ಕಡೆ ಮನೆಯೊಂದರ ಟೆರೇಸಿನಲ್ಲಿ ನಡೆಯುವ, ಶೋಟೋಕಾನ್ ಎಂಬ ಕರಾಟೆ ಶೈಲಿಯ ಕ್ಲಾಸು. ಇನ್ನೊಂದು, ಬಿ.ಎಂ. ರಸ್ತೆ ಹತ್ತಿರ ಮ್ಯಾಟ್ ಹಾಸಿಕೊಂಡು ಪಂದ್ಯಾವಳಿಗೆಂದೇ ತಯಾರು ಮಾಡುವ ಕ್ಲಾಸು. ಎರಡೂ ಕಡೆ ‘ಅಸಲಿ ಕರಾಟೆ ಇದೇ’ ಅನ್ನುತ್ತಾರೆ.

ಮ್ಯಾಟಿನ ಕಡೆ ಕುಮಿತೆಯೇ, ಅಂದರೆ ಎದುರಾಳಿಯ ಜೊತೆ ಸೆಣಸುವುದೇ, ಪ್ರಧಾನ. ಗುದ್ದಿಗೆ 1 ಪಾಯಿಂಟು, ಹೊಟ್ಟೆಗೆ ಒದ್ದರೆ 2, ತಲೆಗೆ ಒದ್ದರೆ 3. 8 ಪಾಯಿಂಟು ಮುಂದೆ ಹೋದರೆ ಆಟ ಅಲ್ಲಿಗೇ ಮುಗಿಯಿತು. ಎದುರಿಗಿರುವವನ ಹೆಜ್ಜೆ ನೋಡಿ ದೂರ ಅಳೆಯುವುದನ್ನು ನಾನು ಕಲಿತದ್ದು ಇಲ್ಲೇ, ಟೆರೇಸಿನಲ್ಲಲ್ಲ. ಮಕ್ಕಳು ಖುಷಿಯಾಗಿರುತ್ತಾರೆ, ಪೋಷಕರು ಫೋಟೋ ತೆಗೆಯುತ್ತಾರೆ. ಒಲಿಂಪಿಕ್ಸ್ ಮಾತೂ ಆಗಾಗ ಬರುತ್ತದೆ. 2021ರಲ್ಲಿ ಟೋಕಿಯೋದಲ್ಲಿ ಕರಾಟೆ ಇತ್ತು ನಿಜ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ಕ್ಕೂ ಇಲ್ಲ. ಅದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಕಟಾಕ್ಕೆ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಪಟ್ಟುಗಳ ಸರಣಿಗೆ, ಬಂದಾಗಲೇ ವ್ಯತ್ಯಾಸ ಗೊತ್ತಾಗುವುದು. ಹೊಸಬರು ಮೊದಲು ಕಲಿಯುವ ಕಟಾ ಹೇಯಾನ್ ಶೋದಾನ್‌ನ ನಾಲ್ಕನೇ ಪಟ್ಟನ್ನೇ ತೆಗೆದುಕೊಳ್ಳಿ: ಹಿಂದೆ ತಿರುಗಿ ಕೆಳಗಿನ ಏಟು ತಡೆದ ಕೂಡಲೇ ಮುಂದಿನ ಕಾಲನ್ನು ಹಿಂದೆಳೆದು, ಅದೇ ಕೈಯನ್ನು ಸುತ್ತಿಸಿ, ಮುಷ್ಟಿಯ ಬುಡದಿಂದ ಮೇಲಿಂದ ಕೆಳಕ್ಕೆ ಹೊಡೆಯಬೇಕು. ಯಾಕೆ ಹೀಗೆ ಅಂತ ಮ್ಯಾಟಿನ ಕೋಚ್‌ರನ್ನು ಕೇಳಿದೆ. ‘ಜಡ್ಜ್‌ಗೆ ಶಾರ್ಪಾಗಿ ಕಾಣಬೇಕು ಸಾರ್, ತೋಳು ಟಪ್ ಅನ್ನಬೇಕು’ ಅಂದರು.

ಟೆರೇಸಿನ ಮೇಷ್ಟ್ರು ಬಾಯಲ್ಲಿ ಉತ್ತರ ಹೇಳಲೇ ಇಲ್ಲ. ಬಂದು ನನ್ನ ಮಣಿಕಟ್ಟು ಹಿಡಿದು, ‘ಬಿಡಿಸ್ಕೊಳ್ಳಿ ನೋಡೋಣ’ ಅಂದರು. ಕೈಯೊಂದನ್ನೇ ಎಳೆದರೆ ಜಪ್ಪಯ್ಯ ಅಂದರೂ ಬಿಡಲಿಲ್ಲ. ಕಾಲು ಹಿಂದೆಳೆದಾಗ ಮೈಭಾರವೆಲ್ಲ ಸೇರಿ, ಅವರ ಹೆಬ್ಬೆರಳ ಸಂದಿನಿಂದ ಕೈ ಜಾರಿ ಬಂತು. ಸುತ್ತಿ ಬಂದ ಮುಷ್ಟಿ ಅವರ ಕೊರಳೆಲುಬಿನ ನೇರಕ್ಕೇ ಇತ್ತು. ಸಂಪ್ರದಾಯ ಉಳಿದಿದೆಯೋ ಇಲ್ಲವೋ ಅಂತ ನೋಡಲು ನನಗೆ ಇಷ್ಟು ಸಾಕು. ಬಗ್ಗಿ ನಮಸ್ಕರಿಸುವುದು, ಜಪಾನಿಯಲ್ಲಿ ಎಣಿಸುವುದು ಎರಡೂ ಕಡೆ ಇದೆ.

ಹಳೆಯದೆಲ್ಲ ಅಸಲಿ ಎನ್ನುವ ಭ್ರಮೆ ಈ ಮೇಷ್ಟ್ರಿಗೂ ಇಲ್ಲ. ಕರಾಟೆಯ ತವರಾದ ಒಕಿನಾವಾ ದ್ವೀಪದ ಗುರು ಇತೋಸು ಅಂಕೋ 1901ರಲ್ಲಿ ಕರಾಟೆಯನ್ನು ಶಾಲೆಗೆ ತಂದರು. ವಿದ್ಯಾರ್ಥಿಗಳಿಗೆಂದು ಪಿನಾನ್ ಕಟಾಗಳನ್ನು ಕಟ್ಟಿದವರೂ ಅವರೇ. 1922ರಲ್ಲಿ ಟೋಕಿಯೋಗೆ ಹೋದ, ಶೋಟೋಕಾನ್‌ನ ಮೂಲಗುರು ಫುನಾಕೋಶಿ ಗಿಚಿನ್ ಆಮೇಲೆ ಅವನ್ನೇ ಹೇಯಾನ್ ಎಂದು ಕರೆದರು. ಬೆಲ್ಟ್ ಪದ್ಧತಿ ಜೂಡೋದಿಂದ ಬಂದದ್ದು. ಫುನಾಕೋಶಿ ಮೊದಲ ಬ್ಲ್ಯಾಕ್ ಬೆಲ್ಟ್‌ಗಳನ್ನು ಕೊಟ್ಟದ್ದು 1924ರಲ್ಲಿ. ಹಾಗಾಗಿ ಮೂರು ತಿಂಗಳಿಗೊಮ್ಮೆ ಪರೀಕ್ಷೆ ಫೀಸು ಕಟ್ಟಿಸಿಕೊಂಡು ಬೆಲ್ಟಿನ ಬಣ್ಣ ಬದಲಿಸುವುದಕ್ಕೆ ‘ಪರಂಪರೆ’ ಅಂದರೆ ನಗು ಬರುತ್ತದೆ. ಟೆರೇಸಿನಲ್ಲಿ ಮೇಷ್ಟ್ರು ಕರೆದಾಗಲೇ ಪರೀಕ್ಷೆ. ಕರೆಯದೆಯೇ ವರ್ಷ ಕಳೆದವರಿದ್ದಾರೆ.

ಟೆರೇಸಿನಲ್ಲಿ ಬೇಜಾರು ಇಲ್ಲವೆಂದಲ್ಲ. ಒಂದೇ ಗುದ್ದನ್ನು ಸಾಲಾಗಿ ನಿಂತು ಹೊಡೆದೂ ಹೊಡೆದೂ ಭುಜ ಬಿದ್ದುಹೋಗುತ್ತದೆ, ಕುಮಿತೆ ಅಪರೂಪ. ಹುಡುಗರು ಬೇಗ ಬಿಟ್ಟು ಹೋಗುತ್ತಾರೆ.

ಶಾಲಾ ಕ್ರೀಡಾಕೂಟಕ್ಕೆ ಮಗುವನ್ನು ಕಳಿಸುವುದಿದ್ದರೆ ಮ್ಯಾಟಿಗೇ ಸೇರಿಸಿ. ನಾನು ಟೆರೇಸಿನಲ್ಲೇ ಉಳಿದಿದ್ದೇನೆ. ಆದರೆ ಮೇಲೆ ಶೀಟ್ ಹಾಕಿಸಿಲ್ಲ, ಆಷಾಢದ ಮಳೆ ಹಿಡಿದರೆ ಕ್ಲಾಸಿಗೆ ರಜೆ. ಆ ದಿನಗಳಲ್ಲಿ ಮ್ಯಾಟಿಗೆ ಹೋಗಿ ಕಾಲೇಜು ಹುಡುಗರಿಂದ ಒದೆ ತಿಂದು ಬರುತ್ತೇನೆ.