ಹಸಿರು ಅಂಕಿ, ಕೆಂಪು ಅಂಕಿ: ನಮ್ಮ ಫ್ಯಾಂಟಸಿ ಆ್ಯಪ್‌ನ ಮ್ಯಾಚಪ್ ಕಾಲಂ

ಡಲ್ಲಾಸ್‌ನಲ್ಲಿ ಆಫೀಸಿನವರ ಜೊತೆ ಫ್ಯಾಂಟಸಿ ಫುಟ್‌ಬಾಲ್ ಆಡಲು ಶುರು ಮಾಡಿ ಇದು ನಾಲ್ಕನೇ ಸೀಸನ್. ಹನ್ನೆರಡು ಜನರ ಲೀಗ್. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟುತ್ತೇವೆ; ಅವರು ಪಂದ್ಯದಲ್ಲಿ ಆಡಿದ್ದಕ್ಕೆ ತಕ್ಕ ಪಾಯಿಂಟ್ ನಮಗೆ ಸಿಗುತ್ತದೆ. ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಟ, ನಮ್ಮೂರಿನ ಕಾಲ್ಚೆಂಡಲ್ಲ.

ನಾವು ಬಳಸುವ ಆ್ಯಪ್‌ನಲ್ಲಿ ಪ್ರತಿ ಆಟಗಾರನ ಪಕ್ಕ, ಮ್ಯಾಚಪ್ ಕಾಲಂನಲ್ಲಿ, ಒಂದು ಅಂಕಿ ಇರುತ್ತದೆ. ಈ ವಾರದ ಎದುರಾಳಿ ತಂಡ ಇಲ್ಲಿಯವರೆಗೆ ಅವನ ಜಾಗದಲ್ಲಿ ಆಡುವವರಿಗೆ ಎಷ್ಟು ಪಾಯಿಂಟ್ ಬಿಟ್ಟುಕೊಟ್ಟಿದೆ ಅನ್ನುವುದರ ರ‍್ಯಾಂಕ್ ಅದು. ಎಲ್ಲರಿಗಿಂತ ಕಮ್ಮಿ ಕೊಟ್ಟ ತಂಡ 1, ಕೆಂಪು ಬಣ್ಣ. ಎಲ್ಲರಿಗಿಂತ ಜಾಸ್ತಿ ಕೊಟ್ಟದ್ದು 32, ಹಸಿರು. ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಅದೇ ಇದರ ಗುಣ, ಅದೇ ಇದರ ಅಪಾಯ.

ಮೊದಲ ಸೀಸನ್‌ನ ಮೂರನೇ ವಾರ. ಡ್ರಾಫ್ಟ್‌ನಲ್ಲಿ (ಸೀಸನ್‌ಗೆ ಮುಂಚೆ ಸರದಿಯಂತೆ ಆಟಗಾರರನ್ನು ಆರಿಸುವುದು) ಮೊದಲ ಸುತ್ತಿಗೇ ತೆಗೆದುಕೊಂಡಿದ್ದ ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಪಕ್ಕ ಕೆಂಪು 2 ಇತ್ತು. ಹೆದರಿ ಬೆಂಚಲ್ಲಿ ಕೂರಿಸಿದೆ. ಅವನು ಎಂಟು ಕ್ಯಾಚ್ ಹಿಡಿದ, 110 ಯಾರ್ಡ್, ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದ್ದು). ನಮ್ಮ ಲೀಗಿನಲ್ಲಿ ಕ್ಯಾಚಿಗೆ 1, ಹತ್ತು ಯಾರ್ಡಿಗೆ 1, ಟಚ್‌ಡೌನಿಗೆ 6. ಒಟ್ಟು 25 ಪಾಯಿಂಟ್ ಬೆಂಚಲ್ಲೇ ಉಳಿಯಿತು. ಅವನ ಬದಲು ಆಡಿಸಿದ ಹಸಿರು 30ರವನು ತಂದದ್ದು 7. ನಾನು ಸೋತದ್ದು ಹನ್ನೊಂದು ಪಾಯಿಂಟ್ ಅಂತರದಲ್ಲಿ. ಆ ನೋವು ಇನ್ನೂ ಇದೆ.

ಆಮೇಲೆ ಕೂತು ನೋಡಿದೆ. ಮೂರನೇ ವಾರದ ರ‍್ಯಾಂಕ್ ಅಂದರೆ ಬರೀ ಎರಡು ಪಂದ್ಯದ ಲೆಕ್ಕ! ಆ ಎರಡರಲ್ಲೂ ಎದುರಿಗಿದ್ದವರು ಬದಲಿ ಕ್ವಾರ್ಟರ್‌ಬ್ಯಾಕ್‌ಗಳು. ಸರಿಯಾಗಿ ಚೆಂಡು ಎಸೆಯುವವರೇ ಇಲ್ಲದಿದ್ದರೆ ಯಾವ ಡಿಫೆನ್ಸ್ ಆದರೂ ಗಟ್ಟಿಯಾಗಿಯೇ ಕಾಣುತ್ತದೆ, ಅಲ್ವಾ? ಅಂಕಿಯ ಮೇಲೆ ಒತ್ತಿದರೆ ವಾರವಾರದ ವಿವರ ತೆರೆಯುತ್ತದೆ. ಅದನ್ನು ಓದುವ ತಾಳ್ಮೆ ಬೇಕು.

ಈಗ ನನ್ನ ಪದ್ಧತಿ ಬೇರೆ. ತಂಡದ ದೊಡ್ಡ ಆಟಗಾರರ ಬಣ್ಣ ನೋಡುವುದೇ ಇಲ್ಲ. 2023ರಲ್ಲಿ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಕ್ರಿಶ್ಚಿಯನ್ ಮೆಕ್ಯಾಫ್ರಿ ಓಡಿದ್ದು 1,459 ಯಾರ್ಡ್, ಗಳಿಸಿದ್ದು 21 ಟಚ್‌ಡೌನ್. ಅಂಥವನು ಕೈಯಲ್ಲಿದ್ದರೆ ಎದುರಾಳಿ ಯಾರಾದರೇನು, ಆಡಿಸಲೇಬೇಕು. ಕಾಲಂ ನಿಜವಾಗಿ ಕೆಲಸಕ್ಕೆ ಬರುವುದು ಫ್ಲೆಕ್ಸ್ ಜಾಗಕ್ಕೆ (ರನ್ನಿಂಗ್ ಬ್ಯಾಕ್, ರಿಸೀವರ್ ಯಾರನ್ನಾದರೂ ಇಳಿಸಬಹುದಾದ ಜಾಗ), ಇಬ್ಬರು ಸರಿಸಮ ಇದ್ದಾಗ. ಅದಕ್ಕಿಂತ ಜಾಸ್ತಿ ಡಿಫೆನ್ಸ್ ಆರಿಸುವಾಗ (ಒಂದು ಎನ್‌ಎಫ್‌ಎಲ್ ತಂಡದ ಇಡೀ ರಕ್ಷಣಾ ಪಡೆಯನ್ನು ಒಬ್ಬ ಆಟಗಾರನ ಹಾಗೆ ಆರಿಸುತ್ತೇವೆ). ನಾನಂತೂ ಒಂದೇ ಡಿಫೆನ್ಸ್ ಇಟ್ಟುಕೊಳ್ಳುವುದಿಲ್ಲ. ಪ್ರತಿ ವಾರ ದುರ್ಬಲ ಬ್ಯಾಟಿಂಗ್ ಎದುರು ಬೌಲರ್ ಇಳಿಸಿದ ಹಾಗೆ ಬದಲಾಯಿಸುತ್ತೇನೆ. ಇಲ್ಲಿ ಹಸಿರು ನನಗೆ ಮೋಸ ಮಾಡಿದ್ದು ಕಮ್ಮಿ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಅಂದರೆ ಮೊದಲ ಪಂದ್ಯಗಳಿಗೆ ತೊಂಬತ್ತು ನಿಮಿಷ ಮುಂಚೆ, ಯಾರು ಆಡುವುದಿಲ್ಲ ಅನ್ನುವ ಪಟ್ಟಿ ಬರುತ್ತದೆ. ನಮ್ಮ ಮನೆಯಲ್ಲಿ ಅದು ದೋಸೆ ಹುಯ್ಯುವ ಹೊತ್ತು. ಒಂದು ಕೈಯಲ್ಲಿ ಸೌಟು, ಪಕ್ಕದಲ್ಲಿ ಒರಗಿಸಿಟ್ಟ ಫೋನು. ಎದುರು ತಂಡದ ಒಳ್ಳೆಯ ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ತಡೆಯುವವನು) ಗಾಯಗೊಂಡು ಹೊರಗಿದ್ದರೂ ಕೆಂಪು ಕೆಂಪಾಗಿಯೇ ಇರುತ್ತದೆ. ಬಫಲೋದ ಮೈದಾನದಲ್ಲಿ ಚೆಂಡು ಎಸೆಯಲು ಕಷ್ಟವಾಗುವಷ್ಟು ಜೋರು ಗಾಳಿ ಬೀಸುತ್ತಿದ್ದರೂ ಹಸಿರು ಹಸಿರಾಗಿಯೇ ಇರುತ್ತದೆ. ಅದನ್ನು ನಾವೇ ನೋಡಿಕೊಳ್ಳಬೇಕು.

ಐದಕ್ಕೆ ಮೂರು ಕೊಡುತ್ತೇನೆ. ರ‍್ಯಾಂಕಿನ ಕೆಳಗೆ ಸಣ್ಣದಾಗಿ ‘ಎರಡು ಪಂದ್ಯದ ಲೆಕ್ಕ’ ಅಂತ ಬರೆದು, ಐದನೇ ವಾರದವರೆಗೆ ಬಣ್ಣವನ್ನೇ ಹಾಕದಿದ್ದರೆ ನಾಲ್ಕು ಕೊಡಲು ತಯಾರಿದ್ದೇನೆ.