ಸೋಲ್-ಜೆಲ್ ಗಾಜಿಗೆ ಚಿಕ್ಕ ಮಫಲ್ ಫರ್ನೇಸ್: 700ಕ್ಕೆ ಧೈರ್ಯವಾಗಿ, 900ಕ್ಕೆ ಪರೀಕ್ಷಿಸಿ

ಕಾಲೇಜು ಲ್ಯಾಬುಗಳಿಗೆ ಬರುವ ಮೇಜಿನ ಮೇಲಿನ ಮಫಲ್ ಫರ್ನೇಸ್‌ಗಳದ್ದು (ಮುಚ್ಚಿದ ಕೋಣೆಯ ವಿದ್ಯುತ್ ಕುಲುಮೆ) ಹೆಚ್ಚುಕಡಿಮೆ ಒಂದೇ ರಚನೆ: ಕಾಯಿಸಲು ಕಾಂಥಾಲ್ ಮಿಶ್ರಲೋಹದ ಸುರುಳಿ, ತಾಪ ಅಳೆಯಲು ಕೆ-ಟೈಪ್ ಥರ್ಮೋಕಪಲ್, ತಾಪವನ್ನು ಗುರಿಗೆ ಹೊಂದಿಸಲು ಹಂತಹಂತವಾಗಿ ಪ್ರೋಗ್ರಾಂ ಮಾಡಬಹುದಾದ ಪಿಐಡಿ ಕಂಟ್ರೋಲರ್, ಗರಿಷ್ಠ 1200 ಡಿಗ್ರಿ ಸೆಲ್ಸಿಯಸ್. ಗಾಜಿನಲ್ಲಿ ಹರಳು ಯಾವಾಗ, ಎಷ್ಟು ಹುಟ್ಟಬೇಕು ಎಂಬುದನ್ನು ಇದರಲ್ಲಿ ಹಿಡಿತಕ್ಕೆ ತರಬಹುದು, ಆದರೆ ಡಿಸ್‌ಪ್ಲೇಯ ಅಂಕಿಯನ್ನೇ ನಂಬಿದರೆ ಆಗದು.

ಫರ್ನೇಸ್ ಪರೀಕ್ಷೆಗೆ 58ಎಸ್ ಎಂಬ ಬಯೋಆಕ್ಟಿವ್ (ಮೂಳೆಗೆ ಬೆಸೆದುಕೊಳ್ಳುವ) ಗಾಜು ಸೂಕ್ತ. ಇದನ್ನು ಸೋಲ್-ಜೆಲ್ ವಿಧಾನದಲ್ಲಿ, ಅಂದರೆ ದ್ರಾವಣವನ್ನು ಜೆಲ್ ಆಗಿಸಿ ಕಾಯಿಸಿ, ಮಾಡಬಹುದು. ಟಿಇಒಎಸ್ (ಸಿಲಿಕಾ ಕೊಡುವ ದ್ರವ) 12.5 ಗ್ರಾಂ, ಟ್ರೈಈಥೈಲ್ ಫಾಸ್ಫೇಟ್ 1.46 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ ಟೆಟ್ರಾಹೈಡ್ರೇಟ್ 8.5 ಗ್ರಾಂ ಹಾಕಿದರೆ ಸುಮಾರು 6 ಗ್ರಾಂ ಗಾಜು ಸಿಗುತ್ತದೆ. ಜೆಲ್ಲನ್ನು 60 ಡಿಗ್ರಿಯಲ್ಲಿ ಮೂರು ದಿನ ಮಾಗಿಸಿ, 130ರವರೆಗೆ ಹಾಟ್ ಏರ್ ಓವನ್ನಿನಲ್ಲೇ ಒಣಗಿಸಿ. 200ರ ಕೆಳಗೆ ಈ ಫರ್ನೇಸ್ ಗುರಿ ದಾಟಿ ಜಿಗಿಯುತ್ತದೆ. ಸುರುಳಿಯ ಶಕ್ತಿ ಆ ಕೆಲಸಕ್ಕೆ ಅತಿಯಾಯಿತು.

ಆದರೆ ಅದರ ಮೇಲೆ ನಿಮಿಷಕ್ಕೆ 1 ಡಿಗ್ರಿಯ ಏರಿಕೆಯನ್ನು ಫರ್ನೇಸ್ ಚೆನ್ನಾಗಿ ಪಾಲಿಸುತ್ತದೆ. ಇದೇ ಇದರ ದೊಡ್ಡ ಗುಣ. ಬೇಗ ಕಾಯಿಸಿದರೆ ಜೆಲ್ ಬಿರಿಯುತ್ತದೆ, ರಂಧ್ರಗಳು ಮುಚ್ಚಿಕೊಂಡು ಇಂಗಾಲ ಒಳಗೇ ಉಳಿದು ಗಾಜು ಕಪ್ಪಾಗುತ್ತದೆ. ನೈಟ್ರೇಟ್ ಒಡೆಯುವಾಗ ಬರುವ ಕಂದು ಹೊಗೆ ವಿಷಕಾರಿ, ಥರ್ಮೋಕಪಲ್ಲನ್ನೂ ತಿನ್ನುತ್ತದೆ. ಮೇಲಿನ ಕಿಂಡಿ ತೆರೆದಿಡಿ, ಎಕ್ಸಾಸ್ಟ್ ಇಲ್ಲದ ಕೋಣೆಯಲ್ಲಿ ಹಚ್ಚಲೇಬೇಡಿ.

700ರಲ್ಲಿ ಗಾಜನ್ನು ಸ್ಥಿರಗೊಳಿಸುವುದು (ಉಳಿದ ನೈಟ್ರೇಟ್ ಹೊರಹಾಕುವುದು) ಸುಲಭ. ವೊಲಾಸ್ಟೊನೈಟ್ (ಕ್ಯಾಲ್ಸಿಯಂ ಸಿಲಿಕೇಟ್ ಹರಳು) ಬೇಕೆಂದು 900ರ ಆಸುಪಾಸಿಗೆ ಹೋದಾಗ ತೊಡಕು. ಸೋಲ್-ಜೆಲ್ ಪುಡಿಗೆ ಮೇಲ್ಮೈ ಅಪಾರ, ಹಾಗಾಗಿ ಹರಳು ಹೆಚ್ಚಾಗಿ ಅಲ್ಲಿಂದಲೇ ಶುರು. ಉಳಿದ ಹೈಡ್ರಾಕ್ಸಿಲ್ (OH ಗುಂಪು) ಗಾಜಿನ ಸ್ನಿಗ್ಧತೆ ಇಳಿಸಿ ಅದನ್ನು ಇನ್ನಷ್ಟು ಬೇಗ ತರಿಸುತ್ತದೆ. ಒಣಗುವಾಗ ಕ್ಯಾಲ್ಸಿಯಂ ಹೊರಮೈಗೆ ಸರಿದಿದ್ದರಂತೂ (400 ಡಿಗ್ರಿ ದಾಟುವವರೆಗೆ ಅದು ಸಿಲಿಕಾ ಜಾಲದೊಳಗೆ ಸೇರುವುದಿಲ್ಲ) ಒಂದೇ ಕ್ರೂಸಿಬಲ್ಲಿನಲ್ಲಿ (ಕಾಯಿಸುವ ಬಟ್ಟಲು) ಎರಡು ಬಗೆಯ ಗಾಜು! ಇಂಥ ಕಡೆ 20 ಡಿಗ್ರಿಯ ತಪ್ಪೂ ಫಲಿತಾಂಶ ಬದಲಿಸೀತು.

ಥರ್ಮೋಕಪಲ್ ಹಿಂಗೋಡೆಯಲ್ಲಿ, ಮಾದರಿ ಬಾಗಿಲ ಹತ್ತಿರ. ಅಂತರ ಇದ್ದೇ ಇರುತ್ತದೆ. ಕ್ರೂಸಿಬಲ್ ಪಕ್ಕ ಇನ್ನೊಂದು ಥರ್ಮೋಕಪಲ್ ಇಟ್ಟು ನೋಡಿ. ಅದಿಲ್ಲದಿದ್ದರೆ ಅಲ್ಯುಮಿನಾ ಮುಚ್ಚಳದ ಮೇಲೆ ಶುದ್ಧ ಸೋಡಿಯಂ ಕ್ಲೋರೈಡಿನ ನಾಲ್ಕು ಕಾಳು ಸಾಕು, 801ಕ್ಕೆ ಕರಗುತ್ತದೆ. ಕಂಟ್ರೋಲರಿನ ಆಟೋ-ಟ್ಯೂನನ್ನು (ಅದು ತನ್ನನ್ನು ತಾನೇ ಹೊಂದಿಸಿಕೊಳ್ಳುವ ಕ್ರಮ) ನೀವು ಬಳಸುವ ತಾಪಮಾನದಲ್ಲೇ ಮಾಡಿ. ಕಡೆಯ 50 ಡಿಗ್ರಿಗೆ ಏರಿಕೆ ನಿಧಾನಿಸಿ, 2 ಗಂಟೆ ಹಿಡಿದು, ಎಕ್ಸ್‌ಆರ್‌ಡಿ (ಹರಳುಗಳನ್ನು ಗುರುತಿಸುವ ಎಕ್ಸ್-ರೇ ಪರೀಕ್ಷೆ) ತೆಗೆಸಿ. ಅದರಲ್ಲಿ 2θ ಕೋನ 32 ಡಿಗ್ರಿ ಆಸುಪಾಸು ಅಪಟೈಟ್ (ಕ್ಯಾಲ್ಸಿಯಂ ಫಾಸ್ಫೇಟ್ ಹರಳು) ಗೆರೆಗಳಷ್ಟೇ ಕಂಡು ವೊಲಾಸ್ಟೊನೈಟ್ ಬರದಿದ್ದರೆ ಒಳಗಿನ ನಿಜ ತಾಪ ಕಡಿಮೆಯಿದೆ. ಸೆಟ್ ಪಾಯಿಂಟನ್ನು 20 ಡಿಗ್ರಿ ಏರಿಸಿ ಮತ್ತೆ ನೋಡಿ.