ಹಳದಿ ಮುಚ್ಚಳದ ಬಾಟಲಿಗೆ 54 ಯೂರೋ ಕೊಡುವ ಮೊದಲು ಇದನ್ನೊಮ್ಮೆ ಓದಿ

ಬೆಲ್ಜಿಯಂ ನೋಡೋಕೆ ಬರುವ ನಮ್ಮವರು ಬ್ರೂಜ್‌ಗೆ ಹೋಗೇ ಹೋಗ್ತಾರೆ. ಅವರಲ್ಲಿ ಬಿಯರ್ ಗೀಳು ಇರೋರು ಅಲ್ಲಿನ ಪ್ರವಾಸಿ ಬೀದಿಯ ಅಂಗಡಿಗಳಲ್ಲಿ ವೆಸ್ಟ್‌ವ್ಲೆಟರನ್ 12 ಅನ್ನೋ ಬಾಟಲಿಗಾಗಿ ಹುಡುಕಾಡ್ತಾರೆ. ನಾನೂ ಹುಡುಕಿದೆ. ಸಿಕ್ಕಿತು. ಮೂರು ಬಾಟಲಿಗೆ 54 ಯೂರೋ ತೆತ್ತೆ. ಹೋಗಿದ್ದು ದುಡ್ಡು ಮಾತ್ರ ಆಗಿದ್ದರೆ ಸುಮ್ಮನಿರುತ್ತಿದ್ದೆ. ಕೆಟ್ಟುಹೋದ ಬಿಯರ್ ಕುಡಿದು, ಅದಕ್ಕೆ 50ಕ್ಕೆ 43 ಅಂಕ ಕೊಟ್ಟು, ಅಂಕದ ಹಾಳೆಯ ಫೋಟೋ ತೆಗೆದು ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಆ ಫೋಟೋ ಈಗಲೂ ಅಲ್ಲಿದೆ.

2019ರ ಆಗಸ್ಟ್. ನಾನು ಬೆಲ್ಜಿಯಂನ ಲ್ಯೂವೆನ್ ಊರಲ್ಲಿ ಕೆಲಸದಲ್ಲಿದ್ದೆ. ಬೆಂಗಳೂರಿಂದ ತಮ್ಮ ಬಂದಿದ್ದ. ಅವನು ಇಂದಿರಾನಗರದ ಬ್ರೂಪಬ್‌ಗಳಲ್ಲಿ ತಿರುಗಿ ತಿರುಗಿ ಬಿಯರ್ ಪಂಡಿತ ಆಗಿದ್ದವನು. ಮನೆಯಲ್ಲೇ ಬಿಯರ್ ತಯಾರಿಸೋರು ಸ್ಪರ್ಧೆಗೆ ಬಳಸೋ ಬಿಜೆಸಿಪಿ ಅಂಕದ ಹಾಳೆಗಳನ್ನ ಪ್ರಿಂಟ್ ಹಾಕಿಸಿಕೊಂಡೇ ವಿಮಾನ ಹತ್ತಿದ್ದ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಮೈಗೆ 5, ಒಟ್ಟು ಅನಿಸಿಕೆಗೆ 10. ಕೂಡಿದರೆ 50.

ಮಠ, ಸನ್ಯಾಸಿ, ಬಿಯರ್ ಮೂರನ್ನೂ ಒಂದೇ ಉಸಿರಲ್ಲಿ ಹೇಳಿದರೆ ನಮ್ಮ ಕಡೆ ನಗ್ತಾರೆ. ಇಲ್ಲಿ ಅದು ದಿನದ ಮಾತು. ಫ್ರಾನ್ಸ್ ಗಡಿಯ ಹತ್ತಿರ, ಬಿಯರ್‌ಗೆ ಕಹಿ ಕೊಡೋ ಹಾಪ್ಸ್ ಹೂವು ಬೆಳೆಯೋ ಸೀಮೆಯಲ್ಲಿ ಸಿಂಟ್ ಸಿಕ್ಸ್ಟಸ್ ಅನ್ನೋ ಮಠ ಇದೆ, ಟ್ರಾಪಿಸ್ಟ್ ಅನ್ನೋ ಕ್ರೈಸ್ತ ಸನ್ಯಾಸಿ ಪಂಗಡದ್ದು. ವೆಸ್ಟ್‌ವ್ಲೆಟರನ್ ಬಿಯರ್ ಅಲ್ಲಿನದು. ಮಠದ ಖರ್ಚಿಗೆ ಎಷ್ಟು ಬೇಕೋ ಅಷ್ಟೇ ಮಾಡ್ತಾರೆ, ಬೇಡಿಕೆ ಇದೆ ಅಂತ ಹೆಚ್ಚಿಸಲ್ಲ. 2005ರಲ್ಲಿ ಒಂದು ಅಮೆರಿಕನ್ ಬಿಯರ್ ತಾಣದ ಓದುಗರು ಇದನ್ನೇ ಲೋಕದ ನಂಬರ್ ಒನ್ ಬಿಯರ್ ಅಂದುಬಿಟ್ಟರು. ಅಲ್ಲಿಂದ ಮಠದ ಗೇಟಿಗೆ ಕಾರುಗಳ ಸಾಲು. ಮೊದಲೇ ಫೋನ್ ಮಾಡಿ ಕಾರಿನ ನಂಬರ್ ಬರೆಸಬೇಕಿತ್ತು. ಒಂದು ನಂಬರಿಗೆ 60 ದಿನಕ್ಕೆ ಒಂದೇ ಸಲ. ನಾನು ಹೇಳ್ತಿರೋ ವರ್ಷ ಅದು ಆನ್‌ಲೈನ್ ಆಯ್ತು. ಕೊಂಡವರು ಲಾಭಕ್ಕೆ ಮಾರಬಾರದು ಅನ್ನೋದು ಸನ್ಯಾಸಿಗಳ ಷರತ್ತು.

ಹಾಗಿದ್ದರೆ ಬ್ರೂಜ್‌ನ ಅಂಗಡಿಗೆ ಅದು ಬಂದಿದ್ದು ಹೇಗೆ? ಈ ಪ್ರಶ್ನೆ ನನಗೆ ಅವತ್ತು ಹೊಳೆಯಲೇ ಇಲ್ಲ ನೋಡಿ.

ಅಂಗಡಿಯ ಹೆಸರು ಬೇಡ. ಅಂಥವು ಆ ಬೀದಿಯಲ್ಲಿ ಒಂದೇ ಇಲ್ಲ. ಚಾಕಲೇಟು, ಲೇಸು, ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ಟುಗಳ ನಡುವೆ ಗಾಜಿನ ಕಿಟಕಿಯಲ್ಲಿ ದಸರಾ ಬೊಂಬೆ ಥರ ಮೆಟ್ಟಿಲು ಮೆಟ್ಟಿಲಾಗಿ ಬಾಟಲಿ ಜೋಡಿಸಿದ್ದರು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ ಹಾಗೆ ಇವು ಮೂರು. ಕಂದು ಗಾಜು, ಹಳದಿ ಮುಚ್ಚಳ. ಕಾಗದದ ಲೇಬಲ್ ಆಗ ಇರ್ತಿರಲಿಲ್ಲ, ಹೇಳೋದೆಲ್ಲ ಮುಚ್ಚಳದ ಮೇಲೇ: 12, 10.2 ಪರ್ಸೆಂಟ್ ಆಲ್ಕೋಹಾಲ್, ಜೊತೆಗೆ ಎಲ್ಲಿವರೆಗೆ ಕುಡಿಯಬಹುದು ಅನ್ನೋ ತಾರೀಖು. ಕಿಟಕಿ ಪಶ್ಚಿಮಕ್ಕಿತ್ತು. ಸಂಜೆ ಐದರ ಬಿಸಿಲು ನೇರ ಬಾಟಲಿಗಳ ಮೇಲೇ ಬೀಳ್ತಿತ್ತು. ಕಂದು ಗಾಜು ಮಾಣಿಕ್ಯದ ಹಾಗೆ ಹೊಳೀತಿತ್ತು, ತಮ್ಮ ಅದರ ಫೋಟೋ ಬೇರೆ ತೆಗೆದ. ಆ ಹೊಳಪು ನೋಡೇ ನಾವು ಒಳಗೆ ಹೋಗಿದ್ದು.

ಹಿಂದಿನ ತಿಂಗಳು, ಜುಲೈ ಕೊನೆಯಲ್ಲಿ, ಬೆಲ್ಜಿಯಂನಲ್ಲಿ ಮೊಟ್ಟಮೊದಲ ಸಲ ಉಷ್ಣಾಂಶ 40 ಡಿಗ್ರಿ ದಾಟಿತ್ತು. ಮನೆಗಳಲ್ಲಿ ಫ್ಯಾನ್ ಕೂಡ ಇಲ್ಲದ ದೇಶ. ನಾವು ಒದ್ದೆ ಟವೆಲ್ ಹೊದ್ದುಕೊಂಡು ಮಲಗಿದ್ದೆವು. ಆ ವಾರ ಈ ಪಟ್ಟದ ಗೊಂಬೆಗಳು ಎಲ್ಲಿ ಕೂತಿದ್ದಿರಬಹುದು ಅಂತ ಕೇಳಬೇಕಿತ್ತು. ನಾನು ಕೇಳಿದ್ದು ರೇಟು. ಒಂದಕ್ಕೆ 18 ಅಂದ. ಚೌಕಾಸಿ ಮಾಡೋಕೆ ಬಾಯಿ ಬರಲಿಲ್ಲ, ಲೋಕದ ನಂಬರ್ ಒನ್ ಬಿಯರ್ ಮುಂದೆ ನಿಂತು ಸೊಪ್ಪಿನ ಮಾರ್ಕೆಟ್ ಮಾತಾಡೋದು ಹೇಗೆ ಅಂತ. ತಾರೀಖು ಮಾತ್ರ ನೋಡಿದೆ. ಇನ್ನೂ ವರ್ಷದ ಮೇಲೆ ಇತ್ತು, ಸಮಾಧಾನ ಆಯ್ತು.

ಆ ತಾರೀಖಿನ ವಿಷಯದಲ್ಲೇ ಬಹಳ ಜನ ಮೋಸ ಹೋಗೋದು. ಬಾಟಲಿ ತಂಪಲ್ಲಿ, ಕತ್ತಲಲ್ಲಿ ಇದ್ದರೆ ಅಷ್ಟು ದಿನ ಚೆನ್ನಾಗಿರುತ್ತೆ ಅಂತ ಅದರರ್ಥ. ಬಿಯರ್ ಹಳತಾಗೋದು ಬಾಟಲಿಯೊಳಗೆ ಉಳಿದ ಚೂರು ಆಮ್ಲಜನಕದಿಂದ, ಮತ್ತೆ ಶಾಖದಿಂದ. ಹತ್ತು ಡಿಗ್ರಿ ಏರಿದರೆ ಆ ಕೆಲಸದ ವೇಗ ಸುಮಾರು ಎರಡು ಮೂರು ಪಟ್ಟು ಆಗುತ್ತೆ ಅಂತ ಲೆಕ್ಕ. ಕಂದು ಗಾಜು ಬೆಳಕನ್ನ ತಕ್ಕಮಟ್ಟಿಗೆ ತಡೆಯುತ್ತೆ, ಹಸಿರು ಬಾಟಲಿಯ ಬಿಯರ್ ಬಿಸಿಲಲ್ಲಿ ನಾರೋ ಹಾಗೆ ಇದು ನಾರಲ್ಲ. ಸೆಕೆಯನ್ನ ಯಾವ ಗಾಜೂ ತಡೆಯಲ್ಲ.

ಮನೆಗೆ ತಂದ ಮೇಲೆ ನಮ್ಮ ಕಡೆಯಿಂದಲೂ ಅನಾಹುತ ಆಯ್ತು. ಮೂರನ್ನೂ ಫ್ರಿಜ್‌ನಲ್ಲಿ ಅಡ್ಡ ಮಲಗಿಸಿದೆ. ಇವು ಬಾಟಲಿಯಲ್ಲೇ ಎರಡನೇ ಸಲ ಹುದುಗೋ ಬಿಯರ್‌ಗಳು, ತಳದಲ್ಲಿ ಯೀಸ್ಟಿನ ಗಸಿ ಇರುತ್ತೆ, ನೆಟ್ಟಗೆ ನಿಲ್ಲಿಸಿಡಬೇಕು. ನಾಲ್ಕು ಡಿಗ್ರಿಯ ಚಳಿಯಲ್ಲಿ ತೆಗೆದು, ಫ್ರೀಜರ್‌ನಲ್ಲಿಟ್ಟ ಗ್ಲಾಸಿಗೆ ಸುರಿದೆವು. ಇದನ್ನ 12ರಿಂದ 14 ಡಿಗ್ರಿಯಲ್ಲಿ, ಬಾಯಗಲದ ಬಟ್ಟಲಲ್ಲಿ ಕುಡಿಯೋದು. ಅಷ್ಟು ತಣ್ಣಗಿದ್ದರೆ ಒಳ್ಳೇದೂ ಗೊತ್ತಾಗಲ್ಲ, ಕೆಟ್ಟದ್ದೂ ಗೊತ್ತಾಗಲ್ಲ. ನಮ್ಮ ಬಿಯರ್‌ಗೆ ಅದೇ ವರದಾನವಾಯ್ತು.

ನೊರೆ ಬಂತು, ಎಣಿಸೋದರೊಳಗೆ ಇಳಿದುಹೋಯ್ತು. ‘ಹತ್ತು ಪರ್ಸೆಂಟ್ ಆಲ್ಕೋಹಾಲ್ ಅಲ್ವೇನೋ, ನೊರೆ ನಿಲ್ಲಲ್ಲ’ ಅಂದೆ. ತಮ್ಮ ಮೂಗಿಟ್ಟ. ‘ಶೆರಿ ವೈನ್ ಥರ ಇದೆ ಅಣ್ಣಾ, ಹಳೇ ಪುಸ್ತಕದಂಗಡಿ ಥರ. ಎಷ್ಟು ಆಳ ಇದೆ ನೋಡು!’ ನನ್ನ ನಾಲಿಗೆಗೆ ಉಪ್ಪುಪ್ಪು ಏನೋ ತಾಗಿತು. ‘ಸಂಕೀರ್ಣ’ ಅಂತ ಬರೆದೆ. ಗೊತ್ತಾಗದ್ದಕ್ಕೆಲ್ಲ ಆ ಪದ ಚೆನ್ನಾಗಿ ಒದಗುತ್ತೆ.

ನನ್ನ ಹೆಂಡತಿ ಕುಡಿಯೋದಿಲ್ಲ. ಚಪಾತಿ ಲಟ್ಟಿಸ್ತಾ ಇದ್ದವಳು ಬಂದು ಗ್ಲಾಸ್ ಮೂಸಿ, ‘ಇದೇನ್ರೀ, ಮಳೇಲಿ ನೆಂದ ರಟ್ಟಿನ ಡಬ್ಬದ ವಾಸನೆ!’ ಅಂದಳು. ‘ಅತ್ತಿಗೆ, ಇದು ನಿಮಗೆ ಗೊತ್ತಾಗಲ್ಲ ಬಿಡಿ’ ಅಂದ ತಮ್ಮ. ಇಬ್ಬರೂ ನಕ್ಕೆವು. ಅವಳು ಹಿಟ್ಟಿನ ಕೈ ಒರೆಸಿಕೊಂಡು ಹೋದಳು. ನಾವು ವಾಸನೆಗೆ 10, ನೋಟಕ್ಕೆ 3, ರುಚಿಗೆ 17, ಮೈಗೆ 4, ಒಟ್ಟಿಗೆ 9 ಹಾಕಿ, 43 ಅಂತ ಕೆಳಗೆ ಗೆರೆ ಎಳೆದೆವು.

ನಾಲ್ಕು ದಿನ ಆದಮೇಲೆ ಪಕ್ಕದ ಮನೆಯ ಫ್ಲೆಮಿಶ್ ಅಜ್ಜನ ಹತ್ತಿರ ಜಂಬ ಕೊಚ್ಚಿಕೊಂಡೆ. ಎಷ್ಟು ಕೊಟ್ಟೆ ಅಂದರು, ಹೇಳಿದೆ. ಬೈಯಲಿಲ್ಲ, ‘ಶನಿವಾರ ಒಂದು ಬಾಟಲಿ ತಗೊಂಡು ಬಾ’ ಅಂದರು. ಅವರ ಊರು ಆ ಮಠದ ಆಸುಪಾಸು. ಮಠದ ಗೇಟಿಂದಲೇ ಕ್ರೇಟ್ ತಂದು ನೆಲಮಾಳಿಗೆಯಲ್ಲಿ ಇಟ್ಟುಕೊಂಡಿದ್ದರು.

ಶನಿವಾರ ಅವರ ಅಡುಗೆಮನೆ ಮೇಜಿನ ಮೇಲೆ ಒಂದೇ ಥರದ ನಾಲ್ಕು ಗ್ಲಾಸು, ಬುಡಕ್ಕೆ ನಂಬರ್ ಚೀಟಿ. ಒಂದರಲ್ಲಿ ನಮ್ಮ ಬ್ರೂಜ್ ಬಾಟಲಿ, ಒಂದರಲ್ಲಿ ಅವರ ನೆಲಮಾಳಿಗೆಯ ಅದೇ ವೆಸ್ಟ್‌ವ್ಲೆಟರನ್ 12. ಇನ್ನೆರಡು ಸೂಪರ್‌ಮಾರ್ಕೆಟ್‌ನಿಂದ ತಂದವು: ರೋಶ್‌ಫೋರ್ 10 ಮತ್ತು ಸೇಂಟ್ ಬರ್ನಾರ್ಡಸ್ ಆಬ್ಟ್ 12. ಬಾಟಲಿಗೆ ಮೂರು ಯೂರೋ ಆಸುಪಾಸು. ಸುರಿದವರು ಅವರ ಮಗಳು, ಆದ್ದರಿಂದ ಅಜ್ಜನಿಗೂ ಯಾವುದು ಯಾವುದೆಂದು ಗೊತ್ತಿರಲಿಲ್ಲ. ಸುರಿಯೋದು ನೋಡೋ ಹಾಗಿತ್ತು. ಗ್ಲಾಸ್ ವಾಲಿಸಿ ಒಂದೇ ಧಾರೆ, ತಳದಲ್ಲಿ ಒಂದು ಬೆರಳಷ್ಟು ಗಸಿ ಬಾಟಲಿಯಲ್ಲೇ ಬಿಟ್ಟರು.

ಮೊದಲ ಗ್ಲಾಸ್ ಮೂಸಿದಾಗ ನನಗೆ ನೆನಪಾಗಿದ್ದು ನಮ್ಮ ಸೋದರತ್ತೆ ಮನೆಯ ಜೋನಿಬೆಲ್ಲದ ಡಬ್ಬ. ಈ ಕಪ್ಪು ಬಣ್ಣ ಹುರಿದ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯದು ಅಂತ ನಾನು ಅಂದುಕೊಂಡಿದ್ದೆ. ಮುಖ್ಯವಾಗಿ ಅದು ಕಾಯಿಸಿ ಕಪ್ಪಾಗಿಸಿದ ಕ್ಯಾಂಡಿ ಸಕ್ಕರೆಯದು. ಹಾಗಾಗಿ ಕಾಫಿ ಡಿಕಾಕ್ಷನ್‌ನ ಕಹಿ ಇರಲ್ಲ. ಅದರ ಹಿಂದೆ ಒಣದ್ರಾಕ್ಷಿ, ಅಂಜೂರ, ಲವಂಗದ ಒಂದು ಚುಚ್ಚು, ಕೊನೆಗೆ ಹಣ್ಣಾದ ಬಾಳೆ. ಹಣ್ಣೂ ಲವಂಗವೂ ಯಾರೂ ಹಾಕಿದ್ದಲ್ಲ, ಯೀಸ್ಟ್ ಹುದುಗುವಾಗ ತಾನೇ ಕಟ್ಟೋ ಘಮ. ಗುಟುಕು ಸಿಹಿಯಾಗಿ ಶುರುವಾಗಿ ಒಣಗಿ ಮುಗೀತು. 11 ಪರ್ಸೆಂಟ್ ಚಿಲ್ಲರೆ ಇದ್ದರೂ ಗಂಟಲು ಸುಡಲಿಲ್ಲ, ಎದೆ ಬೆಚ್ಚಗಾಯ್ತು ಅಷ್ಟೇ. ಅದು ರೋಶ್‌ಫೋರ್ ಅಂತ ಆಮೇಲೆ ತಿಳೀತು.

ಮೂರನೇ ಗ್ಲಾಸ್‌ಗೆ ಮೂಗಿಟ್ಟವನೇ ತಮ್ಮನ ಮುಖ ನೋಡಿದೆ. ಅವನೂ ನನ್ನ ಮುಖ ನೋಡ್ತಿದ್ದ. ರಟ್ಟಿನ ಡಬ್ಬ! ಈಗ ಸೆಕೆಗೆ ಗ್ಲಾಸ್ ಬಿಸಿಯಾದಷ್ಟೂ ಜೋರಾಗ್ತಿತ್ತು. ಆ ರಟ್ಟಿನ ವಾಸನೆಗೆ ಟ್ರಾನ್ಸ್-2-ನೊನೆನಾಲ್ ಅಂತ ರಸಾಯನಶಾಸ್ತ್ರದ ಹೆಸರಿದೆ, ಹಳಸಿದ ಬಿಯರಿನ ಗುರುತು ಅದು. ನಾಲಿಗೆಗೆ ತಾಗಿದ್ದ ಉಪ್ಪು, ಗೋಬಿ ಮಂಚೂರಿ ಗಾಡಿಯ ಸೋಯಾ ಸಾಸು. ಸತ್ತ ಯೀಸ್ಟ್ ಕೋಶಗಳು ಒಡೆದು ಒಳಗಿನದ್ದನ್ನ ಹೊರಗೆ ಬಿಟ್ಟಾಗ ಬರೋ ರುಚಿ ಅದು, ಸೆಕೆಯಲ್ಲಿ ಬೇಗ ಬರುತ್ತೆ. ಹಳೇ ಬಿಯರಿಗೆ ಶೆರಿಯ ಹದ ಬರೋದೂ ಉಂಟು, ಅದು ತಂಪಲ್ಲಿ ವರ್ಷಗಟ್ಟಲೆ ಕೂತಾಗ, ಒಣಹಣ್ಣಿನ ಜೊತೆಜೊತೆಗೆ ಬಂದರೆ ಚೆಂದ. ಇಲ್ಲಿ ಹಣ್ಣು ಸತ್ತುಹೋಗಿ ಬರೀ ರಟ್ಟು ಉಳಿದಿತ್ತು. ಅಂಕ ಕೂಡಿದಾಗ 22 ಬಂತು. ಅದರಲ್ಲೂ ಒಂದೆರಡು ನಾವು ಕೊಟ್ಟ ದುಡ್ಡಿನ ದಾಕ್ಷಿಣ್ಯದ್ದು.

ನಾಲ್ಕನೆಯದು ಅಜ್ಜನ ನೆಲಮಾಳಿಗೆಯದು. ಅದೇ ಮಠ, ಅದೇ ಹಳದಿ ಮುಚ್ಚಳ. ಖರ್ಜೂರ, ಬೆಲ್ಲದ ಪಾಕ, ಮೇಲೆ ಗಟ್ಟಿ ನೊರೆ. ನಾನು ರೋಶ್‌ಫೋರ್‌ಗೆ ಮೊದಲ ಸ್ಥಾನ ಕೊಟ್ಟೆ, ತಮ್ಮ ಬರ್ನಾರ್ಡಸ್‌ಗೆ, ಅಜ್ಜ ಅವರೂರಿನ ವೆಸ್ಟ್‌ವ್ಲೆಟರನ್‌ಗೆ. ಬರ್ನಾರ್ಡಸ್ ವಾಟೂ ಅನ್ನೋ ಹಳ್ಳಿಯದು. 1946ರಿಂದ 1992ರವರೆಗೆ ವೆಸ್ಟ್‌ವ್ಲೆಟರನ್ ಹೆಸರಿನಲ್ಲಿ ಪರವಾನಗಿ ಪಡೆದು ಬಿಯರ್ ಮಾಡುತ್ತಿದ್ದದ್ದು ಇದೇ ಬ್ರೂವರಿ. ಅಂದಮೇಲೆ 18 ಯೂರೋದ ಕನಸಿನ ದಾಯಾದಿ ಮೂರು ಯೂರೋಗೆ ಲ್ಯೂವೆನ್‌ನ ಸೂಪರ್‌ಮಾರ್ಕೆಟ್‌ನ ತಂಪು ಮೂಲೆಯಲ್ಲಿ ಕೂತಿತ್ತು, ನಾನು ದಿನಾ ಅದರ ಪಕ್ಕದಿಂದ ಮೊಸರು ತರ್ತಿದ್ದೆ.

ಅಂಗಡಿಗೆ ಫೋನ್ ಮಾಡಿದೆ. ಮುಚ್ಚಳ ತೆಗೆದದ್ದು ವಾಪಸ್ ಇಲ್ಲ ಅಂದ. ತೆಗೆಯದ ಒಂದಿದೆ ಅಂದೆ. ತಾರೀಖು ಮುಗಿದಿಲ್ಲವಲ್ಲ ಅಂದ. ಅಲ್ಲಿಗೆ ಮುಗೀತು.

ನೀವು ಹೋದಾಗ ಕಿಟಕಿಯಲ್ಲಿರೋ ಬಾಟಲಿ ಮುಟ್ಟಬೇಡಿ, ‘ಒಳಗಿಂದ ಕೊಡಿ’ ಅನ್ನಿ. ಕೊಟ್ಟಿದ್ದು ಕೈಗೆ ಬೆಚ್ಚಗಿದ್ದರೆ ಅಲ್ಲೇ ಇಡಿ. ತಾರೀಖಿನಲ್ಲಿ ಮೊದಲು ದಿನ, ಆಮೇಲೆ ತಿಂಗಳು, ನಮ್ಮೂರಿನ ಹಾಗೇ. ವೆಸ್ಟ್‌ವ್ಲೆಟರನ್ನೇ ಬೇಕೆಂದರೆ ಮಠದ ಎದುರು ‘ಇನ್ ಡೆ ವ್ರೆಡೆ’ ಅಂತ ಮಠದ್ದೇ ಕೆಫೆ ಇದೆ, ಅಲ್ಲಿಗೆ ಹೋಗಿ ಕೂತು ಕುಡಿಯಿರಿ. ಇನ್ನು ‘ಎಲ್ಲಾ ಸನ್ಯಾಸಿಗಳೇ ಮಾಡಿದ್ದು ಸಾರ್’ ಅನ್ನೋ ಮಾತು ನಂಬಬೇಡಿ. ಆರು ಮೂಲೆಯ ಟ್ರಾಪಿಸ್ಟ್ ಮುದ್ರೆ ಇದ್ದರೆ ಮಾತ್ರ ಅದು ಮಠದ ಆವರಣದಲ್ಲಿ, ಸನ್ಯಾಸಿಗಳ ಉಸ್ತುವಾರಿಯಲ್ಲಿ ಆದದ್ದು. ‘ಅಬ್ಬೆ ಬಿಯರ್’ ಅಂತಷ್ಟೇ ಇದ್ದರೆ ಅದು ಸಾಮಾನ್ಯವಾಗಿ ಮಠದ ಹೆಸರು, ಬೇರೆಯವರ ಕಾರ್ಖಾನೆ. ಲೆಫ್ ಅನ್ನೋ ಮಠ ಇರೋದು ದಿನಾಂಟ್ ಹತ್ತಿರ, ಆ ಹೆಸರಿನ ಬಿಯರ್ ಆಗೋದು ನಮ್ಮ ಲ್ಯೂವೆನ್‌ನ ದೊಡ್ಡ ಕಾರ್ಖಾನೆಯಲ್ಲಿ. ಕುಡಿಯೋಕೆ ಅದೇನೂ ಕೆಟ್ಟದ್ದಲ್ಲ, ಸನ್ಯಾಸಿಯ ರೇಟು ಮಾತ್ರ ಕೊಡಬೇಡಿ. ಅಂಕ ಹಾಕೋ ಚಟ ಇದ್ದರೆ ಹೆಸರು ಮುಚ್ಚಿ ಕುಡಿಯಿರಿ. ಪಕ್ಕದಲ್ಲಿ ಕುಡಿಯದವರು ಒಬ್ಬರು ಮೂಸೋಕೆ ಇರಲಿ.

ಉಳಿದ ಮೂರನೇ ಬಾಟಲಿಯನ್ನ ಅಜ್ಜ ಸ್ಟೂಗೆ ಹಾಕ್ತೀನಿ ಅಂತ ತಗೊಂಡರು. ಇಲ್ಲಿ ಮಾಂಸವನ್ನ ಕಪ್ಪು ಬಿಯರಲ್ಲಿ ಗಂಟೆಗಟ್ಟಲೆ ಬೇಯಿಸ್ತಾರೆ. ಮೂಸಿ ನೋಡಿ, ಅದಕ್ಕೂ ಸ್ವಲ್ಪ ಯೋಚನೆ ಮಾಡಿದರು.

ತಮ್ಮ ವಾಪಸ್ ಹೋಗುವಾಗ ಆರು ರೋಶ್‌ಫೋರ್ ಕಟ್ಟಿಕೊಟ್ಟೆ. 33 ಸೆಂಟಿಲೀಟರಿನ ಆರು ಬಾಟಲಿ ಅಂದರೆ 1.98 ಲೀಟರ್, ಕಸ್ಟಮ್ಸ್‌ನ ಎರಡು ಲೀಟರ್ ಮಿತಿಗೆ ಹೇಳಿ ಮಾಡಿಸಿದ ಹಾಗೆ. ತಂಪಲ್ಲಿಡು, ನೆಟ್ಟಗಿಡು ಅಂತ ಮೂರು ಸಲ ಹೇಳಿದ್ದೆ. ಏಪ್ರಿಲ್‌ನಲ್ಲಿ ಮೆಸೇಜ್ ಬಂತು: ‘ಅಣ್ಣಾ, ಇದೂ ರಟ್ಟಿನ ವಾಸನೆ ಹೊಡೀತಿದೆ, ಸೂಪರ್‌ಮಾರ್ಕೆಟ್‌ನೋರೂ ಮೋಸ ಮಾಡಿದ್ರು.’ ಜೊತೆಗೊಂದು ಫೋಟೋ. ಅವನ ಅಡುಗೆಮನೆ, ಕಿಟಕಿ, ಫ್ರಿಜ್ಜು. ಬಾಟಲಿಗಳು ನೆಟ್ಟಗೇ ನಿಂತಿದ್ದವು, ಫ್ರಿಜ್ಜಿನ ತಲೆಯ ಮೇಲೆ.